ತಾಲೀಮಿನಿಂದ ಚಿಕಿತ್ಸಾವ್ಯಾಯಾಮದವರೆಗೆ: ಚಿಕ್ಕೋಡಿ ಸೀಮೆಯ ದೇಹಶಿಕ್ಷಣದ ಇತಿಹಾಸದಲ್ಲಿ ಒಂದು ಪ್ರಶ್ನೆ

1

ಒಂದು ಸೀಮೆಯ ಇತಿಹಾಸವನ್ನು ಬರೆಯುವವರು ಅಲ್ಲಿಯ ಅರಸುಮನೆತನಗಳನ್ನೂ ಶಾಸನಗಳನ್ನೂ ದೇವಾಲಯಗಳನ್ನೂ ಮೊದಲು ವಿವೇಚಿಸುವುದು ವಾಡಿಕೆ. ಅಲ್ಲಿಯ ಜನರು ತಮ್ಮ ದೇಹವನ್ನು ಹೇಗೆ ದುಡಿಸಿದರು, ಹೇಗೆ ಬಲಪಡಿಸಿದರು, ನೋವು ಬಂದಾಗ ಹೇಗೆ ಸರಿಪಡಿಸಿಕೊಂಡರು ಎಂಬುದು ಇತಿಹಾಸದ ವಿಷಯವಾಗಬಲ್ಲುದೇ ಎಂದು ಕೇಳುವವರುಂಟು. ಆಗಬಲ್ಲುದು, ಆಗಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಅಭಿಪ್ರಾಯವನ್ನು ಸಮರ್ಥಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಪ್ರದೇಶವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ಸೀಮೆ ಇಂದು ಕರ್ನಾಟಕದ ಗಡಿ. ಆದರೆ ದೇಹಶಿಕ್ಷಣದ ಇತಿಹಾಸದಲ್ಲಿ ಅದು ಗಡಿಯಾಗಿರಲಿಲ್ಲ, ಹಲವು ದಾರಿಗಳು ಕೂಡುವ ಸ್ಥಳವಾಗಿತ್ತು. ರಾಯಬಾಗ 1949ರವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದಿತು. ಚಿಕ್ಕೋಡಿ ಮತ್ತು ಅಥಣಿ ಮುಂಬಯಿ ಆಧಿಪತ್ಯದ ತಾಲ್ಲೂಕುಗಳಾಗಿದ್ದವು. ಇತ್ತೀಚಿನ ವರ್ಷಗಳಲ್ಲಿ ಅವುಗಳಿಂದ ನಿಪ್ಪಾಣಿ ಮತ್ತು ಕಾಗವಾಡ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕುಗಳಾದವು. ಕಾಗವಾಡದ ಮಗ್ಗುಲಲ್ಲೇ ಮಿರಜೆ, ನಿಪ್ಪಾಣಿಯ ಆಚೆಗೆ ಕೊಲ್ಹಾಪುರ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೂ ಕುಸ್ತಿಯ ಪೈಲವಾನನು ಕೊಲ್ಹಾಪುರಕ್ಕೂ, ಕೈಕಾಲು ಮುರಿದವನು ಮಿರಜೆಗೂ ಹೋಗುವುದು ನಿಲ್ಲಲಿಲ್ಲ.

ಈಚೆಗೆ ಒಂದು ಮಾತು ಸಭೆಗಳಲ್ಲಿಯೂ ಲೇಖನಗಳಲ್ಲಿಯೂ ಕೇಳಿಬರುತ್ತಿದೆ: ಇಂದು ಆಸ್ಪತ್ರೆಗಳಲ್ಲಿ ಫಿಜಿಯೋಥೆರಪಿ ಎಂಬ ಹೆಸರಿನಿಂದ ಕಲಿಸುವ ಚಿಕಿತ್ಸಾವ್ಯಾಯಾಮವೆಲ್ಲವೂ ನಮ್ಮ ಗರಡಿಯಲ್ಲಿ ಮೊದಲೇ ಇದ್ದಿತು ಎಂಬುದು ಆ ಮಾತು. ಇದಕ್ಕೆ ಪ್ರತಿಯಾಗಿ, ಗರಡಿಯೆಂದರೆ ಬರಿಯ ಒರಟು ಬಲದ ಪ್ರದರ್ಶನ, ಚಿಕಿತ್ಸೆಗೂ ಅದಕ್ಕೂ ಸಂಬಂಧವಿಲ್ಲ ಎನ್ನುವವರೂ ಇದ್ದಾರೆ. ಎರಡೂ ಮಾತುಗಳು ಅರ್ಧ ಸತ್ಯವೆಂದು ನಾವು ತೋರಿಸಬಯಸುತ್ತೇವೆ. ಆ ವಾದಕ್ಕಿಂತ ಹಿರಿದಾದ ಇನ್ನೊಂದು ಪ್ರಶ್ನೆಯೂ ಉಂಟು: ಈ ಸೀಮೆಯಲ್ಲಿ ಯಾರ ದೇಹವು ಶಿಕ್ಷಣಕ್ಕೂ ಆರೈಕೆಗೂ ಯೋಗ್ಯವೆಂದು ಎಣಿಸಲ್ಪಟ್ಟಿತು, ಯಾರದು ಎಣಿಸಲ್ಪಡಲಿಲ್ಲ?

2

ಮಲ್ಲವಿದ್ಯೆಗೆ ಈ ಭಾಗದಲ್ಲಿ ಬಹು ಹಳೆಯ ಬೇರುಗಳಿವೆ. ರಾಯಬಾಗವು ಶಾಸನಗಳಲ್ಲಿ ಹೂವಿನ ಬಾಗೆಯೆಂದು ಹೆಸರಾದುದು; ಅದು ಸವದತ್ತಿಯ ರಟ್ಟರು ಆಳಿದ ಕೂಂಡಿ ನಾಡಿಗೆ ಸೇರಿದ್ದಿತು. ರಟ್ಟರು ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಅದೇ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು (ಆಳ್ವಿಕೆ 1127–1138) ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವಿದೆ. ಅದರಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ದರ್ಜೆಗಳಾಗಿ ವಿಂಗಡಿಸಿ, ಅವರ ಆಹಾರವನ್ನೂ ಅಭ್ಯಾಸವನ್ನೂ ವಿವರಿಸಲಾಗಿದೆ. ನಮ್ಮ ಜಟ್ಟಿ ಶಬ್ದಕ್ಕೂ ಜ್ಯೇಷ್ಠಿ ಶಬ್ದಕ್ಕೂ ಇರುವ ನಂಟು ಪ್ರಸಿದ್ಧವಾದುದೇ.

ಈ ಪ್ರಕರಣದಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದುದು ಅಭ್ಯಾಸಗಳ ವರ್ಗೀಕರಣ. ಭಾರವನ್ನು ಎತ್ತುವುದು ಭಾರಶ್ರಮ, ನಡೆದಾಡುವುದು ಭ್ರಮಣಶ್ರಮ, ನೀರಿನಲ್ಲಿ ಮಾಡುವುದು ಸಲಿಲಶ್ರಮ, ತೋಳುಗಳನ್ನು ಒತ್ತಾಡಿಸುವುದು ಬಾಹುಪೆಲ್ಲಣಕಶ್ರಮ, ಕಂಬವನ್ನು ಆಶ್ರಯಿಸಿ ಮಾಡುವುದು ಸ್ತಂಭಶ್ರಮ. ಬೇರೆಬೇರೆ ಗುಣಗಳಿಗೆ ಬೇರೆಬೇರೆ ವ್ಯಾಯಾಮ ಬೇಕೆಂಬ ತಿಳಿವಳಿಕೆ ಹನ್ನೆರಡನೆಯ ಶತಮಾನದ ಕನ್ನಡ ನಾಡಿನಲ್ಲಿ ಇದ್ದಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಆದರೆ ಒಂದನ್ನು ಮರೆಯಲಾಗದು. ಅರಸನ ವಿನೋದಕ್ಕಾಗಿ ಸಾಕಲ್ಪಟ್ಟ ಮಲ್ಲನೇ ಇಲ್ಲಿ ವರ್ಣಿತನಾಗಿರುವವನು. ಅವನನ್ನು ಗೆಲ್ಲಿಸುವುದೇ ಈ ಶ್ರಮಗಳೆಲ್ಲದರ ಗುರಿ.

ಕೊಲ್ಹಾಪುರದ ಶಾಹು ಛತ್ರಪತಿಗಳ (ಆಳ್ವಿಕೆ 1894–1922) ಕಾಲದಲ್ಲಿ ಈ ಪರಂಪರೆಗೆ ಹೊಸ ಜೀವ ಬಂದಿತು. ಸ್ವತಃ ಕುಸ್ತಿಯ ಅಭ್ಯಾಸಿಗಳಾಗಿದ್ದ ಅವರು 1902ರ ಯುರೋಪು ಪ್ರವಾಸದಲ್ಲಿ ರೋಮನರ ವೃತ್ತಾಕಾರದ ಕ್ರೀಡಾಂಗಣವನ್ನು ಕಂಡು, ಆ ಮಾದರಿಯಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದರು. ಅದು 1912ರಲ್ಲಿ ಪೂರ್ಣಗೊಂಡಿತು. ಸಂಸ್ಥಾನದ ಆಶ್ರಯದಿಂದ ತಾಲೀಮುಗಳು ಬೆಳೆದವು. ರಾಯಬಾಗ ಸಂಸ್ಥಾನದ ಭಾಗವೇ ಆಗಿದ್ದಿತು, ಚಿಕ್ಕೋಡಿ ನಿಪ್ಪಾಣಿಗಳು ನೆರೆಯಲ್ಲಿದ್ದವು. ಈ ಊರುಗಳಲ್ಲಿ ಗರಡಿಯೆಂಬುದಕ್ಕಿಂತ ತಾಲೀಮು ಎಂಬ ಮಾತೇ ಹೆಚ್ಚು ಬಳಕೆಯಲ್ಲಿರುವುದು, ಗುರುವನ್ನು ವಸ್ತಾದನೆಂದು ಕರೆಯುವುದು, ಈ ಸಂಬಂಧದ ಗುರುತುಗಳು. ಕೊಲ್ಹಾಪುರದಲ್ಲಿ ಕಲಿತ ಖಾಶಾಬಾ ಜಾಧವ ಅವರು 1952ರ ಹೆಲ್ಸಿಂಕಿ ಒಲಿಂಪಿಕ್ ಕೂಟದಲ್ಲಿ ಕಂಚಿನ ಪದಕವನ್ನು ಗೆದ್ದುದು ಈ ಪರಂಪರೆಯ ಉನ್ನತ ಘಟ್ಟವೆನ್ನಬಹುದು.

3

ತಾಲೀಮಿನ ಅಭ್ಯಾಸಕ್ರಮವನ್ನು ಇಂದಿನ ಚಿಕಿತ್ಸಾವ್ಯಾಯಾಮದ ತತ್ತ್ವಗಳೊಡನೆ ಹೋಲಿಸಿ ನೋಡೋಣ. ದಂಡ, ಬೈಠಕ್, ಗದೆ ತಿರುವುದು, ಸಂಗ್ರಾಣಿ ಕಲ್ಲು ಎತ್ತುವುದು, ಮಲ್ಲಕಂಬ, ಕೆಮ್ಮಣ್ಣನ್ನು ಅಗೆದು ಹದಮಾಡುವುದು, ಜೊತೆಗಾರನೊಡನೆ ಜೋರು, ಕೊನೆಯಲ್ಲಿ ಮಾಲೀಸು: ಇದು ಸಾಮಾನ್ಯ ಕ್ರಮ. ಇದರಲ್ಲಿ ಮೂರು ಗುಣಗಳು ಎದ್ದು ಕಾಣುತ್ತವೆ.

ಮೊದಲನೆಯದು ಕ್ರಮವೃದ್ಧಿ. ಹೊಸ ಹುಡುಗನು ಕೆಲವೇ ದಂಡಗಳಿಂದ ಆರಂಭಿಸಿ ದಿನಕ್ಕೆ ಇಷ್ಟಿಷ್ಟೆಂದು ಹೆಚ್ಚಿಸುತ್ತ ನೂರಾರಕ್ಕೆ ಏರುತ್ತಾನೆ. ಸ್ನಾಯುವು ತನಗೆ ರೂಢಿಯಿರುವುದಕ್ಕಿಂತ ತುಸು ಹೆಚ್ಚಿನ ಭಾರವನ್ನು ಎದುರಿಸಿದಾಗ ಮಾತ್ರ ಬಲಿಯುತ್ತದೆಂಬ ತತ್ತ್ವ ಇದರ ಹಿಂದಿದೆ. ಎರಡನೆಯದು ಹಿಗ್ಗುವಿಕೆಯ ಮತ್ತು ಬಲದ ಸಂಯೋಗ. ದಂಡದಲ್ಲಿ ಸೊಂಟವು ಮೇಲಿರುವಾಗ ತೊಡೆಯ ಹಿಂಭಾಗವೂ ಮೀನಖಂಡವೂ ಹಿಗ್ಗುತ್ತವೆ. ಎದೆಯನ್ನು ನೆಲದ ಸಮೀಪ ಸಾಗಿಸಿ ತಲೆಯೆತ್ತುವಾಗ ಹೊಟ್ಟೆಯ ಮುಂಭಾಗ ಹಿಗ್ಗುತ್ತದೆ, ತೋಳು ಮತ್ತು ಭುಜ ದುಡಿಯುತ್ತವೆ. ಮೂರನೆಯದು ಸರದಿ: ದುಡಿಮೆ, ವಿಶ್ರಾಂತಿ, ಅಂಗಮರ್ದನ ಒಂದರ ಹಿಂದೊಂದು ಬರುವ ಏರ್ಪಾಡು.

ಇಷ್ಟನ್ನು ಒಪ್ಪಿಕೊಂಡ ಮೇಲೆ ಭೇದವನ್ನೂ ಗಮನಿಸಬೇಕು. ಆಯುರ್ವೇದದ ಗ್ರಂಥಗಳು ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡತಕ್ಕದ್ದೆಂದು ವಿಧಿಸುತ್ತವೆ. ಹಣೆಯಲ್ಲಿ ಬೆವರು ಮೂಡುವುದು, ಬಾಯಿಯಿಂದ ಉಸಿರಾಡಬೇಕಾಗುವುದು ಆ ಮಿತಿಯ ಲಕ್ಷಣಗಳು. ತಾಲೀಮು ಈ ಮಿತಿಯನ್ನು ದಾಟುವುದನ್ನೇ ಕಲಿಸುತ್ತದೆ. ಪೈಲವಾನನಿಗೆ ಅದು ಬೇಕು. ಮೊಣಕಾಲು ನೋಯುವ ಐವತ್ತರ ರೈತನಿಗೆ ನೂರು ಬೈಠಕ್ ಹಾಕಿಸಿದರೆ ಅಪಾಯವೇ ಹೊರತು ಉಪಕಾರವಿಲ್ಲ. ವಸ್ತಾದನ ಅಳತೆಗೋಲು ಸಂಖ್ಯೆ. ಅದು ಪರಂಪರೆಯಿಂದ ಬಂದುದು, ಎಲ್ಲರಿಗೂ ಒಂದೇ ದಿಕ್ಕಿನದು. ಚಿಕಿತ್ಸಕನ ಅಳತೆಗೋಲು ರೋಗಿಯ ಇಂದಿನ ಸ್ಥಿತಿ: ಕೀಲು ಎಷ್ಟು ದೂರ ಮಡಿಯುತ್ತದೆ, ಯಾವ ಸ್ನಾಯು ಸೋತಿದೆ, ನೋವು ಎಲ್ಲಿ ಆರಂಭವಾಗುತ್ತದೆ.

ಹಲವು ಊರುಗಳಲ್ಲಿ ಉಳುಕು ತೆಗೆಯುವವನೂ ಜಾರಿದ ಕೀಲನ್ನು ಕೂರಿಸುವವನೂ ವಸ್ತಾದನೇ ಆಗಿರುತ್ತಿದ್ದನೆಂಬುದು ನಿಜ. ಬಡೋದೆಯ ಪ್ರಸಿದ್ಧ ವ್ಯಾಯಾಮಾಚಾರ್ಯ ಮಾಣಿಕರಾವ್ ಅವರು ಕುಸ್ತಿಯ ಜೊತೆಗೆ ಮೂಳೆ ಕೂರಿಸುವುದರಲ್ಲಿಯೂ ನಿಪುಣರಾಗಿದ್ದರು. ಅವರ ಶಿಷ್ಯರಾದ ಸ್ವಾಮಿ ಕುವಲಯಾನಂದರು (1883–1966) 1924ರಲ್ಲಿ ಲೋಣಾವಳೆಯಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ ಆಸನ ಪ್ರಾಣಾಯಾಮಗಳನ್ನು ಪ್ರಯೋಗಶಾಲೆಯ ಪರೀಕ್ಷೆಗೆ ಒಳಪಡಿಸಿದರು. ತಾಲೀಮಿನಿಂದ ಚಿಕಿತ್ಸೆಗೆ ಹೋಗುವ ದಾರಿ ಇದ್ದಿತು ಎಂಬುದಕ್ಕೆ ಇದು ಸಾಕ್ಷಿ. ಆದರೆ ಆ ದಾರಿಯಲ್ಲಿ ಮಾಪನವೆಂಬ ಸೇತುವೆಯನ್ನು ಕಟ್ಟಬೇಕಾಗಿತ್ತು.

4

ಬಲದ ವಿಷಯ ಹೀಗಾದರೆ, ನಿಲುವಿನ ವಿಷಯದಲ್ಲಿ ಈ ಸೀಮೆಗೆ ಬೇರೆಯೇ ಆದ ಎರಡು ಆದರ್ಶಗಳಿದ್ದವು. ಇಲ್ಲಿ ಜೈನ ಸಮಾಜ ಬಹು ಹಿಂದಿನಿಂದ ನೆಲೆಸಿದೆ. ನಿಪ್ಪಾಣಿಯ ಸಮೀಪದ ಸ್ತವನಿಧಿ ಪ್ರಸಿದ್ಧ ಕ್ಷೇತ್ರ. ಬಸದಿಯ ಜಿನಬಿಂಬವು ಕಾಯೋತ್ಸರ್ಗದಲ್ಲಿ ನಿಂತಿರುವ ಬಗೆಯನ್ನು ನೋಡಿದವರಿಗೆ ತಿಳಿದಿದೆ: ಪಾದಗಳು ನೇರ, ಮೊಣಕಾಲು ನೆಟ್ಟಗೆ, ತೋಳುಗಳು ಮೈಗೆ ತಾಗದಂತೆ ಇಳಿಬಿದ್ದಿವೆ, ಭುಜಗಳಲ್ಲಿ ಬಿಗಿಯಿಲ್ಲ. ಇತ್ತ ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳ (1836–1921) ಪರಂಪರೆಯಲ್ಲಿ, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಬೆನ್ನು ನೆಟ್ಟಗೆ ಮಾಡಿ ದೃಷ್ಟಿಯನ್ನು ನಿಲ್ಲಿಸುವ ಶಿವಯೋಗದ ಆಸೀನ ಭಂಗಿ ಮಾನ್ಯವಾಗಿದೆ. ಕಾಯೋತ್ಸರ್ಗವೆಂದರೆ ಕಾಯದ ಮೇಲಣ ಮಮತೆಯನ್ನು ಬಿಡುವುದು; ಶಿವಯೋಗದ ಗುರಿ ಲಿಂಗಾಂಗ ಸಾಮರಸ್ಯ. ಇವನ್ನು ಬೆನ್ನುನೋವಿನ ಔಷಧಿಯೆಂದು ವರ್ಣಿಸುವುದು ಧರ್ಮಕ್ಕೂ ವೈದ್ಯಕ್ಕೂ ಮಾಡುವ ಅನ್ಯಾಯ. ಇಷ್ಟು ಮಾತ್ರ ಹೇಳಬಹುದು: ನೆಟ್ಟಗಿನ, ಆದರೆ ಬಿಗಿಯಿಲ್ಲದ ದೇಹವು ಸುಂದರವೂ ಗೌರವಾರ್ಹವೂ ಆದುದೆಂಬ ಕಲ್ಪನೆ ಇಲ್ಲಿಯ ಜನರ ಕಣ್ಣೆದುರಿಗೆ ಸದಾ ಇದ್ದಿತು.

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಈ ಮೂರೂ ಧಾರೆಗಳು, ಅಂದರೆ ಕುಸ್ತಿ, ಯೋಗ ಮತ್ತು ಆರೋಗ್ಯ, ರಾಷ್ಟ್ರಭಾವನೆಯ ಆಶ್ರಯದಲ್ಲಿ ಕೂಡಿದವು. ಔಂಧ ಸಂಸ್ಥಾನದ ರಾಜರಾದ ಭವಾನರಾವ್ ಪಂತ ಪ್ರತಿನಿಧಿಗಳು (1868–1951) ಸೂರ್ಯನಮಸ್ಕಾರವನ್ನು ತಮ್ಮ ಶಾಲೆಗಳಲ್ಲಿ ಬಳಕೆಗೆ ತಂದು, ಗ್ರಂಥಗಳ ಮೂಲಕ ದೇಶವಿದೇಶಗಳಲ್ಲಿ ಹರಡಿದರು. ಬಿಜಾಪುರ ಸೀಮೆಯ ಕನ್ನಡ ಪ್ರದೇಶವಾದ ಗುಣದಾಳವೂ ಅವರ ಸಂಸ್ಥಾನಕ್ಕೆ ಸೇರಿದ್ದಿತು. ಸೂರ್ಯನಮಸ್ಕಾರಕ್ಕೂ ತಾಲೀಮಿನ ದಂಡಕ್ಕೂ ಇರುವ ಹೋಲಿಕೆ ನೋಡಿದೊಡನೆಯೇ ತೋರುವಂಥದು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆಯನ್ನು ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ಯೋಗಮಕರಂದವನ್ನು ಕನ್ನಡದಲ್ಲಿಯೇ ಪ್ರಕಟಿಸಿದರು. ಅವರ ಶಿಷ್ಯರೂ ಕೋಲಾರ ಜಿಲ್ಲೆಯ ಬೆಳ್ಳೂರಿನವರೂ ಆದ ಬಿ. ಕೆ. ಎಸ್. ಅಯ್ಯಂಗಾರ್ಯರು 1937ರಲ್ಲಿ ಪುಣೆಗೆ ಹೋಗಿ ನೆಲೆಸಿದರು. ಬಾಲ್ಯದಲ್ಲಿ ರೋಗಪೀಡಿತರಾಗಿದ್ದ ಅವರು ಹಗ್ಗ, ಪಟ್ಟಿ, ಮರದ ಇಟ್ಟಿಗೆಗಳನ್ನು ಬಳಸಿ, ಆಸನಕ್ಕೆ ದೇಹವನ್ನು ಒಗ್ಗಿಸುವ ಬದಲು ದೇಹಕ್ಕೆ ಆಸನವನ್ನು ಒಗ್ಗಿಸುವ ಕ್ರಮವನ್ನು ರೂಪಿಸಿದರು. ಚಿಕಿತ್ಸೆಯ ದೃಷ್ಟಿಯಿಂದ ಇದು ಮಹತ್ತ್ವದ ಹೆಜ್ಜೆ.

ಬೆಳಗಾವಿ ಜಿಲ್ಲೆಯೊಳಗೆ ಡಾ. ನಾ. ಸು. ಹರ್ಡೀಕರ ಅವರ ಕಾರ್ಯವನ್ನು ನೆನೆಯದೆ ಮುಂದೆ ಹೋಗಲಾಗದು. 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದ ಅವರು, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕರ ಶಿಸ್ತಿನ ಕವಾಯತನ್ನು ದೇಶಕ್ಕೆ ತೋರಿಸಿದರು. ರಾಯಬಾಗಕ್ಕೆ ದೂರವಲ್ಲದ ಘಟಪ್ರಭೆಯಲ್ಲಿ 1929ರಲ್ಲಿ ಆರಂಭವಾದ ಕರ್ನಾಟಕ ಆರೋಗ್ಯಧಾಮದೊಡನೆಯೂ ಅವರ ಹೆಸರು ಬೆಸೆದುಕೊಂಡಿದೆ. ಕವಾಯತಿನಿಂದ ಆರೋಗ್ಯಧಾಮಕ್ಕೆ, ಎಂದರೆ ರಾಷ್ಟ್ರಕ್ಕಾಗಿ ನೆಟ್ಟಗೆ ನಿಲ್ಲುವ ದೇಹದಿಂದ ರೋಗದಿಂದ ಚೇತರಿಸಿಕೊಳ್ಳುವ ದೇಹಕ್ಕೆ, ಒಬ್ಬರ ಜೀವಮಾನದಲ್ಲೇ ಗಮನ ಹರಿದುದು ಗಮನಾರ್ಹ.

5

ಚಿಕಿತ್ಸಾವ್ಯಾಯಾಮವು ಸ್ವತಂತ್ರ ಶಾಸ್ತ್ರವಾಗಿ ಬೆಳೆದುದು ಯುರೋಪಿನಲ್ಲಿ. ಸ್ವೀಡನ್ನಿನ ಪೇರ್ ಹೆನ್ರಿಕ್ ಲಿಂಗ್ (1776–1839) 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಥಾಪಿಸಿದ ವ್ಯಾಯಾಮ ಸಂಸ್ಥೆಯಲ್ಲಿ ಸೈನಿಕ ವ್ಯಾಯಾಮವನ್ನೂ ವೈದ್ಯಕೀಯ ವ್ಯಾಯಾಮವನ್ನೂ ಬೇರೆಬೇರೆ ವಿಭಾಗಗಳಾಗಿ ಕಲಿಸಲಾಗುತ್ತಿತ್ತು. ನಮ್ಮ ತಾಲೀಮಿನಲ್ಲಿ ಒಂದಾಗಿಯೇ ಉಳಿದ ಎರಡು ಉದ್ದೇಶಗಳು ಅಲ್ಲಿ ಬೇರ್ಪಟ್ಟವು. ಎರಡನೆಯ ಮಹಾಯುದ್ಧದ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದ ಅಮೆರಿಕದ ವೈದ್ಯ ಥಾಮಸ್ ಡೆಲೋರ್ಮ್ 1945ರಲ್ಲಿ, ರೋಗಿಯು ಹತ್ತು ಬಾರಿ ಮಾತ್ರ ಎತ್ತಬಲ್ಲ ಭಾರವನ್ನು ಕಂಡುಹಿಡಿದು, ಅದನ್ನೇ ಆಧಾರವಾಗಿಟ್ಟು ಭಾರವನ್ನು ಏರಿಸುವ ಪದ್ಧತಿಯನ್ನು ಪ್ರಕಟಿಸಿದನು. ವಸ್ತಾದನ ಕ್ರಮವೃದ್ಧಿಯೇ ಇಲ್ಲಿಯೂ ಇದೆ. ಆದರೆ ಆರಂಭದ ಬಿಂದುವನ್ನು ನಿರ್ಧರಿಸುವವನು ರೋಗಿಯೇ.

ಭಾರತದಲ್ಲಿ ಈ ಶಿಕ್ಷಣ ಆರಂಭವಾದುದು ಪೋಲಿಯೋ ಹಾವಳಿಯ ಒತ್ತಡದಿಂದ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ 1953ರಲ್ಲಿ ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ಮೊದಲ ಶಾಲೆ ತೆರೆಯಿತು. ಚಿಕ್ಕೋಡಿ ಸೀಮೆ ಆಗ ಮುಂಬಯಿ ರಾಜ್ಯದಲ್ಲೇ ಇದ್ದಿತು. ಆದರೆ ಸಾಮಾನ್ಯ ರೋಗಿಗೆ ಹತ್ತಿರದ ದೊಡ್ಡ ಆಸ್ಪತ್ರೆಯೆಂದರೆ ಡಾ. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ತೆರೆದ ಮಿರಜೆಯ ಮಿಶನ್ ಆಸ್ಪತ್ರೆ. 1963ರಲ್ಲಿ ಬೆಳಗಾವಿಯಲ್ಲಿ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದ ಮೇಲೆ ಇನ್ನೊಂದು ದಾರಿ ತೆರೆಯಿತು. 2014ರಲ್ಲಿ ಭಾರತವು ಪೋಲಿಯೋಮುಕ್ತವೆಂದು ಘೋಷಿತವಾಯಿತು. ಯಾವ ರೋಗದ ಕಾರಣದಿಂದ ಈ ಶಾಸ್ತ್ರ ಇಲ್ಲಿಗೆ ಬಂದಿತೋ ಆ ರೋಗ ತೊಲಗಿದೆ, ಶಾಸ್ತ್ರದ ಅಗತ್ಯ ಮಾತ್ರ ಹೆಚ್ಚಿದೆ.

6

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಅರಸನು ಮಲ್ಲನನ್ನು ಸಾಕಿದನು, ಮಠವೂ ಬಸದಿಯೂ ಸಾಧಕನ ನಿಲುವನ್ನು ಗೌರವಿಸಿದವು, ರಾಷ್ಟ್ರೀಯ ಚಳವಳಿ ಸ್ವಯಂಸೇವಕನನ್ನು ತರಬೇತು ಮಾಡಿತು. ಈ ಸೀಮೆಯ ಸಂಪತ್ತನ್ನು ಉತ್ಪಾದಿಸಿದ ದೇಹಗಳಾದರೋ ಬೇರೆ.

ನಿಪ್ಪಾಣಿಯ ಹೆಸರು ದೇಶದ ಮಾರುಕಟ್ಟೆಗೆ ತಿಳಿದುದು ತಂಬಾಕಿನಿಂದ. ವಖಾರಿಗಳಲ್ಲಿ ತಂಬಾಕನ್ನು ಬಡಿದು, ಜರಡಿಯಾಡಿ, ಹಸನು ಮಾಡುವವರು ಬಹುಮಟ್ಟಿಗೆ ಹೆಂಗಸರು. ಬೀಡಿ ಕಟ್ಟುವವರೂ ಅವರೇ. ಮಡಿಲಲ್ಲಿ ಮೊರ, ಕೈಯಲ್ಲಿ ಎಲೆ, ಕತ್ತು ಬಗ್ಗಿಸಿ, ಬೆನ್ನು ಗೂನಿಸಿ, ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ನೆಲದ ಮೇಲೆ ಕುಳಿತು ಮಾಡುವ ಕೆಲಸವದು. 1980ರ ಸುಮಾರಿಗೆ ನಿಪ್ಪಾಣಿಯ ತಂಬಾಕು ಕೆಲಸಗಾರ್ತಿಯರು ಸಂಘಟಿತರಾಗಿ ಹೋರಾಡಿದರು. ಯುಗಾಂತರ ಎಂಬ ಮಹಿಳಾ ಚಲನಚಿತ್ರ ತಂಡವು 1982ರಲ್ಲಿ ಆ ಹೋರಾಟವನ್ನು ಚಿತ್ರೀಕರಿಸಿ ಉಳಿಸಿದೆ. ಇತ್ತ ಅಥಣಿ ಕೊಲ್ಹಾಪುರಿ ಚಪ್ಪಲಿಗಳ ತಯಾರಿಕೆಯ ಮುಖ್ಯ ಕೇಂದ್ರ. ಕರ್ನಾಟಕದ 4 ಮತ್ತು ಮಹಾರಾಷ್ಟ್ರದ 4 ಜಿಲ್ಲೆಗಳಿಗೆ ಜಂಟಿಯಾಗಿ 2019ರಲ್ಲಿ ಈ ಚಪ್ಪಲಿಯ ಭೌಗೋಳಿಕ ಸೂಚಿಕೆ ದೊರೆಯಿತು. ರಂಪಿಗೆ ಹಿಡಿದು ಚರ್ಮ ಕೊಯ್ಯುವ ಗಂಡಸರು, ಪಟ್ಟಿ ಹೆಣೆದು ಹೊಲಿಯುವ ಹೆಂಗಸರು, ಇಬ್ಬರೂ ನೆಲಕ್ಕೆ ಬಾಗಿಯೇ ದುಡಿಯುವವರು. ಉಗಾರದ ಸುತ್ತಮುತ್ತ ಕಬ್ಬು ಕಡಿಯುವವರ ಸೊಂಟದ ಮಾತನ್ನು ಬೇರೆ ಹೇಳಬೇಕಿಲ್ಲ.

ಇಂಥ ದೇಹಕ್ಕೆ ಇಂದಿನ ಶಾಸ್ತ್ರ ಹೇಳುವುದೇನು? ಕಿವಿ, ಭುಜ, ಸೊಂಟ, ಕಾಲಗಂಟು ಒಂದೇ ಲಂಬರೇಖೆಯಲ್ಲಿ ಬರಬೇಕೆಂಬ ಆದರ್ಶ ನಿಲುವನ್ನು ಕಳೆದ ಶತಮಾನದ ಗ್ರಂಥಗಳು ಬಹುವಾಗಿ ಒತ್ತಿಹೇಳಿದವು. ಈಚಿನ ಸಂಶೋಧನೆ ಈ ಒತ್ತನ್ನು ಸಡಿಲಿಸಿದೆ. ಆ ರೇಖೆಯಿಂದ ಸರಿದ ದೇಹವೆಲ್ಲ ನೋಯುವುದಿಲ್ಲ. ಯಾವುದೇ ಭಂಗಿಯಲ್ಲಾಗಲಿ ಬಹುಕಾಲ ಕದಲದೆ ಇರುವುದು, ಒಂದೇ ಚಲನೆಯನ್ನು ಸಾವಿರ ಸಾರಿ ಮಾಡುವುದು ಹೆಚ್ಚು ಅಪಾಯಕಾರಿ. ಆದುದರಿಂದ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು. ಬಾಗಿದ ಕತ್ತನ್ನು ಮೆಲ್ಲಗೆ ಹಿಂದಕ್ಕೆ ಸೆಳೆಯುವುದು. ಮುದುಡಿದ ಎದೆಯ ಸ್ನಾಯುಗಳನ್ನು ಜಗ್ಗದೆ ಹಿಗ್ಗಿಸಿ 15ರಿಂದ 30 ಸೆಕೆಂಡು ಹಾಗೆಯೇ ಹಿಡಿಯುವುದು. ಸೋತ ಬೆನ್ನಿನ ಮತ್ತು ಹೆಗಲಿನ ಸ್ನಾಯುಗಳಿಗೆ ಕ್ರಮವಾಗಿ ಭಾರ ಕೊಡುವುದು: ಇವು ಮೂಲ ಸೂತ್ರಗಳು. ಹಿಗ್ಗಿಸುವುದೊಂದೇ ಸಾಲದು, ಬಲವೂ ಬೇಕು. ಬಿಟ್ಟರೆ ಗಳಿಸಿದ ಬಲ ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ.

ಸೂತ್ರಗಳು ಸರಳವಾಗಿವೆ, ಆದರೆ ಬೀಡಿಯ ಕೂಲಿ ಸಾವಿರಕ್ಕೆ ಇಷ್ಟೆಂದು ಲೆಕ್ಕ. ಅರ್ಧ ಗಂಟೆಗೊಮ್ಮೆ ಎದ್ದವಳ ಮೊರದಲ್ಲಿ ಅಷ್ಟು ಬೀಡಿ ಕಡಿಮೆ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾನೂನೂ 1976ರಲ್ಲಿ ಕಲ್ಯಾಣನಿಧಿಯ ಕಾನೂನೂ ಬಂದವು. ಅವು ಕೂಲಿ, ರಜೆ, ಔಷಧೋಪಚಾರಗಳನ್ನು ಕುರಿತವು. ಎದ್ದು ಮೈ ಮುರಿಯುವ ಎರಡು ನಿಮಿಷಕ್ಕೂ ಒಂದು ಬೆಲೆಯಿದೆಯೆಂಬುದು ತುಂಡುಗೂಲಿಯ ಲೆಕ್ಕದಲ್ಲಿ ಸೇರಿಲ್ಲ. ತಾಲೀಮಿನ ಪೈಲವಾನನಿಗೆ ಹಾಲು, ಬಾದಾಮಿ, ವಿಶ್ರಾಂತಿ, ಮಾಲೀಸು ಎಲ್ಲವೂ ಅಭ್ಯಾಸದ ಅಂಗವೆಂದು ಆಶ್ರಯದಾತರು ಒಪ್ಪಿಕೊಂಡಿದ್ದರು. ವ್ಯಾಯಾಮದ ತತ್ತ್ವವು ದೇಹದೊಳಗೆ ಫಲ ಕೊಡಬೇಕಾದರೆ ದೇಹದ ಹೊರಗೆ ಬಿಡುವೂ ಆಹಾರವೂ ಇರಬೇಕೆಂಬ ಪಾಠವನ್ನು ತಾಲೀಮು ಚೆನ್ನಾಗಿ ಅರಿತಿದ್ದಿತು. ಗರಡಿಯಿಂದ ಇಂದು ನಾವು ಕಲಿಯಬೇಕಾದುದು ದಂಡ ಬೈಠಕ್‌ಗಳಿಗಿಂತ ಹೆಚ್ಚಾಗಿ ಇದನ್ನೇ.

7

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದಿಷ್ಟು. ಕ್ರಮವೃದ್ಧಿ, ಹಿಗ್ಗಿಸುವಿಕೆ, ನೇರವಾದ ನಿಲುವು ಇವುಗಳ ಅನುಭವಜನ್ಯ ಜ್ಞಾನ ಈ ಸೀಮೆಯಲ್ಲಿ ಶತಮಾನಗಳಿಂದ ಇದ್ದಿತು. ರೋಗಿಯ ಸ್ಥಿತಿಯನ್ನು ಅಳೆದು ಅದಕ್ಕೆ ತಕ್ಕಂತೆ ವ್ಯಾಯಾಮವನ್ನು ವಿಧಿಸುವ ಶಾಸ್ತ್ರವು ಈಚಿನದು, ಹೊರಗಿನಿಂದ ಬಂದುದು. ಅದನ್ನು ಒಪ್ಪಿಕೊಳ್ಳುವುದರಿಂದ ನಮ್ಮ ಪರಂಪರೆಗೆ ಕುಂದಿಲ್ಲ. ಎರಡೂ ಬಹುಕಾಲ ತಲುಪದೆ ಬಿಟ್ಟುದು ದುಡಿಯುವ ಹೆಂಗಸಿನ ದೇಹವನ್ನು. ಇಂದು ಹೆಣ್ಣುಮಕ್ಕಳು ಕುಸ್ತಿಯ ಕಣಕ್ಕೆ ಇಳಿದಿದ್ದಾರೆ. 2021ರ ಕೇಂದ್ರ ಕಾನೂನಿನಿಂದ ಫಿಜಿಯೋಥೆರಪಿಗೆ ಶಾಸನಬದ್ಧ ಸ್ಥಾನ ದೊರೆತಿದೆ. ಇವು ಆಶಾದಾಯಕ ಲಕ್ಷಣಗಳು.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ವಿಪುಲವಾದ ಕೆಲಸವಿದೆ. ತಾಲೀಮುಗಳ ಹಳೆಯ ದಫ್ತರಗಳು, ಆಸ್ಪತ್ರೆಗಳ ವಾರ್ಷಿಕ ವರದಿಗಳು, ಕಾರ್ಮಿಕ ಸಂಘಗಳ ಕಾಗದಪತ್ರಗಳು ಕೂಡಿಸಬೇಕಾದ ಸಾಮಗ್ರಿ. ಅದಕ್ಕಿಂತ ತುರ್ತಾದುದು ನಿಪ್ಪಾಣಿಯ ವಖಾರಿಗಳಲ್ಲಿ ದುಡಿದು ಈಗ ಮುದುಕಿಯರಾಗಿರುವವರ ಹೇಳಿಕೆ. ಶಿಲಾಶಾಸನವು ನೂರು ವರ್ಷ ಕಾಯಬಲ್ಲುದು. ಈ ಸಾಕ್ಷಿಗಳು ಕಾಯಲಾರವು. ಬಾಗಿದ ಆ ಬೆನ್ನುಗಳೂ ಈ ಸೀಮೆಯ ಇತಿಹಾಸದ ದಾಖಲೆಗಳೇ ಆಗಿವೆ. ಅವುಗಳನ್ನು ಓದಲು ಕಲಿಯುವುದು ನಮ್ಮ ಕರ್ತವ್ಯ.